ಗೊಟ್ಟದಲ್ಲಿ ಇಳಿಸಿದ ಬೆಲ್ಲದ ನೀರು

ಯತೀಶ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳಲ್ಲಿ ಅವನ ತಾಯಿ ಮಾಳಮ್ಮ ದಿನವೂ ಕುರಿ ಹಟ್ಟಿ ಗುಡಿಸಿದಳು, ರೊಟ್ಟಿ ತಟ್ಟಿದಳು, ಬಂದು ಅತ್ತವರಿಗೆ ಕುಡಿಯಲು ನೀರು ಕೊಟ್ಟಳು. ಅವಳಿಗೆ ಮಾತ್ರ ಅಳು ಬಂದಿರಲಿಲ್ಲ. ಕೈಯನ್ನು ಮೈಯಡಿ ಸಿಕ್ಕಿಸಿಕೊಂಡು ಮಲಗಿ ಎದ್ದಾಗ ಆ ಕೈ ನಮ್ಮದಲ್ಲ ಅನ್ನಿಸುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿತ್ತು.

ಮಗ ಸತ್ತದ್ದು ಮತ್ತಿನ ಗುಳಿಗೆಯಿಂದ ಎಂದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿಲ್ಲದ್ದು ಒಂದೇ ಒಂದು. ಅದು ಮಾಳಮ್ಮನನ್ನೂ ಶಿಕಾರಿಪುರದ ಡಾಕ್ಟರನ್ನೂ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಯತೀಶನ ಗೆಳೆಯ ರಾಹುಲ್ ಅವನನ್ನು ಬೈಕಿನಲ್ಲಿ ಬೆನ್ನಿಗೆ ಒರಗಿಸಿಕೊಂಡು ತಂದು ಹಟ್ಟಿಯ ಮುಂದೆ ಇಳಿಸಿದ್ದ. ಶಿಕಾರಿಪುರದಲ್ಲಿ ಯಾರೋ ಕೊಟ್ಟ ಗುಳಿಗೆ, ಎರಡು ನುಂಗಿದ್ದಾನೆ ಎಂದ. ಮಗನ ಕಣ್ಣು ಮುಚ್ಚಿತ್ತು. ಗೊರಕೆಯಂಥ ಉಸಿರು, ಬಾಯಲ್ಲಿ ನೊರೆ. ಮಾಳಮ್ಮನ ಗಂಡ ಸಣ್ಣಬೀರಪ್ಪ ಗಾಬರಿಯಾಗಲಿಲ್ಲ. ಎಳೆ ಜೋಳದ ಚಿಗುರು ಮೇಯ್ದ ಕುರಿ ಹೀಗೆಯೇ ನೊರೆ ಕಾರಿ ಬೀಳುತ್ತದೆ. ಅದಕ್ಕೆ ಅವನ ಅಪ್ಪನ ಕಾಲದಿಂದಲೂ ಮದ್ದು ಬೆಲ್ಲದ ನೀರು. ಕುರಿಯ ತಲೆ ಎತ್ತಿ ಹಿಡಿದು, ತುದಿ ಓರೆಯಾಗಿ ಕೊಯ್ದ ಬಿದಿರಿನ ಗೊಟ್ಟವನ್ನು ಬಾಯಿಗಿಟ್ಟು ಗಂಟಲಿಗೆ ಇಳಿಸಬೇಕು. ಹಾಗೆ ಎಷ್ಟೋ ಕುರಿಗಳು ಅವನ ಕೈಯಲ್ಲಿ ಬದುಕಿದ್ದವು.

ಬೆಲ್ಲ ಕುಟ್ಟಿ ಕರಗಿಸಿದವಳು ಮಾಳಮ್ಮ. ಮಗನ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದವಳೂ ಅವಳೇ. ಎರಡು ಗೊಟ್ಟ ಇಳಿಯಿತು. ಗೊರಕೆ ಗೊಳಗೊಳ ಎಂದಿತು. ಆಮೇಲೆ ಗೂಡ್ಸ್ ಆಟೋದಲ್ಲಿ ಶಿಕಾರಿಪುರಕ್ಕೆ ಒಯ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದರು. "ಬಾಯಿಗೆ ಏನಾದ್ರೂ ಹಾಕಿದ್ರೇನಮ್ಮ?"

"ಇಲ್ಲ ಸಾರ್."

ಡಾಕ್ಟರು ನಂಬಲಿಲ್ಲ. "ಎಚ್ಚರ ಇಲ್ಲದೋರಿಗೆ ಕುಡಿಸಿದ್ದು ಹೊಟ್ಟೆಗೆ ಹೋಗಲ್ಲಮ್ಮ. ಶ್ವಾಸಕೋಶಕ್ಕೆ ಹೋಗುತ್ತೆ. ಉಸಿರು ಕಟ್ಟುತ್ತೆ" ಎಂದಷ್ಟೇ ಹೇಳಿ ಹೋದರು.

ಗಂಡನಿಗೆ ಇದನ್ನು ಹೇಳಬಾರದು ಎಂದು ಅವಳು ಅಲ್ಲೇ ತೀರ್ಮಾನ ಮಾಡಿದಳು. ಹೋದವನು ಹೋದ. ಇದ್ದವನು ನಾಳೆ ಎದ್ದು ಕುರಿ ಬಿಡಬೇಕು, ಉಣ್ಣಬೇಕು, ಕಣ್ಣು ಮುಚ್ಚಬೇಕು. ಸಣ್ಣಬೀರಪ್ಪ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಬೆಲ್ಲದ ನೀರು ಇಳಿಸಿದ್ದೆ. ತಡ ಆಗಿತ್ತು, ಅಷ್ಟೆ." ಆ ಮಾತನ್ನು ಅವನು ಕೋಲಿನ ಹಾಗೆ ಊರಿಕೊಂಡು ಓಡಾಡುತ್ತಿದ್ದ. ಊರಿಕೊಳ್ಳಲಿ ಎಂದು ಅವಳು ಸುಮ್ಮನಿದ್ದಳು.

ಆದರೆ ಹೋದ ವಾರ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಅವನು ಹುಡುಗರಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. "ಯಾವನಾದ್ರೂ ಹಿಂಗೆ ಬಿದ್ರೆ ಮೊದ್ಲು ಬೆಲ್ಲದ ನೀರು ಇಳಿಸ್ರೋ. ನನ್ನಂಗೆ ತಡ ಮಾಡಬ್ಯಾಡ್ರಿ." ಹುಡುಗರು ತಲೆಯಾಡಿಸುತ್ತಿದ್ದರು. ಮಗನನ್ನು ಕಳಕೊಂಡವನ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ.

ಪಂಚಾಯಿತಿಯಲ್ಲಿ ಸಭೆ ಕರೆದದ್ದು ಅದಾದ ನಾಲ್ಕನೇ ದಿನ. ಶಿಕಾರಿಪುರದಿಂದ ಮೇಘನಾ ಎಂಬ ನರ್ಸ್ ಬಂದಿದ್ದಳು. ಮೂವತ್ತರ ಒಳಗಿನ ಹೆಣ್ಣುಮಗಳು. ಸಣ್ಣ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ವಿವರಿಸಿದಳು: ಹುಡುಗರ ಕೈಗೆ ಬರುವ ಗುಳಿಗೆಗಳು ನೋಡಲು ಒಂದೇ ಥರ, ಒಳಗಿರುವುದು ಬೇರೆ ಬೇರೆ. ಗುಳಿಗೆಯ ಪುಡಿ ಚೂರು ಕೊಟ್ಟರೆ ಅದರಲ್ಲಿ ಪ್ರಾಣ ತೆಗೆಯುವಂಥದ್ದು ಇದೆಯೋ ಏನೋ ಕಾಲು ಗಂಟೆಯಲ್ಲಿ ಹೇಳಬಹುದು. ಹೆಸರು ಕೇಳುವುದಿಲ್ಲ. ವಾರಕ್ಕೊಂದು ದಿನ ಕೂರಲು ಒಂದು ಕೋಣೆ ಕೊಟ್ಟರೆ ಸಾಕು.

ಮೆಕ್ಕೆಜೋಳದ ವ್ಯಾಪಾರಿ ಮಂಜಪ್ಪ ಪಂಚಾಯಿತಿ ಸದಸ್ಯ. ಅವನು ಕೂತಲ್ಲಿಂದಲೇ ಶುರು ಮಾಡಿದ. "ಅಲ್ರೀ ಮೇಡಮ್ಮಾರೆ, ಕಳ್ಳನಿಗೆ ಬೀಗ ಗಟ್ಟಿ ಐತೋ ಇಲ್ಲೋ ನಾವೇ ಎಳೆದು ನೋಡಿ ಹೇಳಿದಂಗಾತಲ್ಲ ಇದು!"

ಜನ ನಕ್ಕರು. ಹಿಂದಿನಿಂದ ಯಾರೋ, "ನಮ್ಮಪ್ಪನೂ ಪರೀಕ್ಷೆ ಮಾಡ್ತಿದ್ದ ಕಣ್ರೀ. ಬಾಯಿ ಮೂಸಿ ನೋಡಿ, ಬೀಡಿ ವಾಸ್ನೆ ಬಂದ್ರೆ ಬಾರುಕೋಲು" ಎಂದರು. ಇನ್ನಷ್ಟು ನಗು.

"ಹೊಡೆದ್ರೆ ಬಿಡ್ತಾರೆ ಅಂದ್ರೆ ನಾನೂ ಬಾರುಕೋಲು ತರ್ತಿದ್ದೆ ಸಾರ್" ಎಂದಳು ಮೇಘನಾ. "ನುಂಗಬೇಡಿ ಅಂತ ನಾನೂ ಹೇಳ್ತೀನಿ. ಕೇಳದೇ ಇರೋನು ಸಾಯಲಿ ಅಂತ ಹೇಳೋಕಾಗಲ್ಲ."

"ಪೊಲೀಸ್ನೋರು ಸುಮ್ನಿರ್ತಾರಾ? ಗುಳಿಗೆ ಇಟ್ಕೊಂಡಿದ್ರೇ ಕೇಸು" ಎಂದ ಮಂಜಪ್ಪ.

"ಅದಕ್ಕೇ ಮೊದ್ಲು ನಿಮ್ಮನ್ನ ಕೇಳೋಕೆ ಬಂದೆ."

ಅಧ್ಯಕ್ಷ ಉಜ್ಜಪ್ಪ ಮಾತಾಡದೆ ಎರಡೂ ಕಡೆ ನೋಡುತ್ತಿದ್ದ. ಹಿರಿಯ. ಕೋಪ ಬಂದವರು ಸುಸ್ತಾಗಲಿ ಎಂದು ಕಾಯುವುದು ಅವನ ಪದ್ಧತಿ.

ಮಂಜಪ್ಪ ಎದ್ದು ನಿಂತ. "ಯಾರಿಗೆ ಬೇಕ್ರೀ ಈ ಡಬ್ಬಿ? ನಮ್ಮೋರ ಹತ್ರ ಮದ್ದಿಲ್ವಾ? ಸಣ್ಣಬೀರಪ್ಪ, ನೀನೇ ಹೇಳೋ ಮಾರಾಯ, ನಿನ್ನಷ್ಟು ಯಾರಿಗೆ ಗೊತ್ತೈತೆ."

ಸಣ್ಣಬೀರಪ್ಪ ಕಂಬಳಿ ಹೆಗಲಿಗೆ ಎಳೆದುಕೊಂಡು ಎದ್ದ. "ಬೆಲ್ಲದ ನೀರು" ಎಂದ. "ಗೊಟ್ಟದಾಗೆ ಇಳಿಸ್ಬೇಕು. ನಾನು ಇಳಿಸ್ದೆ, ತಡ ಆಗಿತ್ತು. ಅರ್ಧ ಗಂಟೆ ಮುಂಚೆ ಆಗಿದ್ರೆ ನನ್ನ ಮಗ ಇರ್ತಿದ್ದ. ಎಲ್ಲಾರ ಮನೇಲೂ ಬೆಲ್ಲ ಐತೆ. ನಿಮ್ಮ ಹುಡುಗ್ರಿಗೆ ಹೇಳಿಡ್ರಿ."

ನಗು ನಿಂತಿತ್ತು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮುಂದೆ ಕೂತ ನಾಲ್ಕೈದು ಜನ ಹೌದೆಂಬಂತೆ ತಲೆಯಾಡಿಸಿದರು.

"ಇಲ್ಲ ಯಜಮಾನ್ರೆ" ಎಂದಳು ಮೇಘನಾ. "ಹಂಗೆ ಮಾತ್ರ ಮಾಡಬೇಡಿ."

"ನೀ ಎಷ್ಟು ಹೆಣ ನೋಡಿದೀಯವ್ವ?" ಮಂಜಪ್ಪ ರೇಗಿದ. "ಮಗನ್ನ ಕಳ್ಕೊಂಡೋನಿಗೆ ಬುದ್ಧಿ ಹೇಳ್ತೀಯ? ಕೂತ್ಕೋ."

ಸಭೆಯೆಲ್ಲ ಮಂಜಪ್ಪನ ಕಡೆಗೆ ವಾಲಿತು. ಮಾಳಮ್ಮ ಗಂಡನ ಮುಖ ನೋಡಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅದರಲ್ಲಿ ಒಂದಿಷ್ಟು ಕಳೆ ಇತ್ತು. ತನ್ನ ಮಾತಿನಿಂದ ಯಾರದೋ ಮಗ ಉಳಿಯುತ್ತಾನೆ ಎಂಬ ಕಳೆ. ಈಗ ಸುಮ್ಮನಿದ್ದರೆ ಆ ಕಳೆ ಉಳಿಯುತ್ತದೆ. ನಾಳೆಯೋ ಮುಂದಿನ ವರ್ಷವೋ ಇಲ್ಲಿ ಕೂತಿರುವ ಯಾವಳೋ ಒಬ್ಬಳು ಮಗನ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿಯುತ್ತಾಳೆ.

ಅವಳು ಎದ್ದಳು. ಉಪ್ಪು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

"ಆ ನೀರು ಅವನ ಹೊಟ್ಟೆಗೆ ಹೋಗ್ಲಿಲ್ಲ. ಉಸಿರಿನ ಚೀಲಕ್ಕೆ ಹೋಗಿತ್ತು. ಡಾಕ್ಟ್ರು ನಂಗೆ ಹೇಳಿದ್ರು. ತಲೆ ಹಿಡ್ದಿದ್ದು ನಾನೇ. ಯಾರೂ ಹಂಗೆ ಮಾಡಬ್ಯಾಡ್ರಿ."

ಸಣ್ಣಬೀರಪ್ಪ ನಿಂತೇ ಇದ್ದ. ಹೆಂಡತಿಯ ಕಡೆ ತಿರುಗಿದ.

"ಯಾವಾಗ ಹೇಳಿದ್ರು?"

"ಅವತ್ತೇ."

"ಮೊದ್ಲನೇ ಗೊಟ್ಟದಾಗೆ ಹೋಯ್ತಂತಾ, ಎರಡ್ನೇದ್ರಾಗಾ?"

"ಅದು ಹೇಳ್ಲಿಲ್ಲ ಕಣ್ರೀ."

ಅವನು ತಲೆಯಾಡಿಸಿದ, ಬಸ್ಸಿನ ಹೊತ್ತು ಕೇಳಿ ತಿಳಿದುಕೊಂಡವನ ಹಾಗೆ. ಮೇಘನಾ, "ಉಸಿರು ನಿಲ್ಲಿಸೋ ಗುಳಿಗೆ ಅದು ಯಜಮಾನ್ರೆ, ನಿಮ್ಮದೇ ತಪ್ಪು ಅಂತಲ್ಲ..." ಎಂದು ಶುರು ಮಾಡಿದಳು. ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಮಂಜಪ್ಪ ಕೂತುಕೊಂಡ.

ಉಜ್ಜಪ್ಪ ಈಗ ಬಾಯಿಬಿಟ್ಟ. "ಗುಳಿಗೆ ಪರೀಕ್ಷೆ ನಮ್ಮ ಕೈಯಾಗಿಲ್ಲ ತಾಯಿ. ಸೊರಬದ ತಾಲ್ಲೂಕು ಆಫೀಸಿಗೆ ಬರೀತೀನಿ. ಮೇಲಿನೋರು ಹೂಂ ಅಂದ್ರೆ ಕೋಣೆ ಕೊಡೋದು ನನ್ನ ಜವಾಬ್ದಾರಿ. ಬಿದ್ದೋನ್ನ ಹೆಂಗೆ ಮಲಗಿಸ್ಬೇಕು ಅಂತ ತೋರ್ಸೋಕೆ ಯಾರಪ್ಪಣೆನೂ ಬ್ಯಾಡ. ಈಗ್ಲೇ ತೋರ್ಸು."

ಮಲಗಲು ಒಬ್ಬರು ಬೇಕಿತ್ತು. ಯಾರೂ ಏಳಲಿಲ್ಲ. ಕೊನೆಗೆ ಬಾಗಿಲ ಬಳಿ ನಿಂತಿದ್ದ ರಾಹುಲ್ ಬಂದು ಜಮಖಾನದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ. ಮೇಘನಾ ಮಂಡಿಯೂರುವಷ್ಟರಲ್ಲಿ ಸಣ್ಣಬೀರಪ್ಪ ಅಲ್ಲಿಗೆ ಬಂದಿದ್ದ.

"ನಂಗೆ ಹೇಳಿಕೊಡವ್ವ" ಎಂದ.

ಅವಳು ಹೇಳಿದಳು. ಮೊದಲು ಯಾರಾದರೂ ನೂರೆಂಟಕ್ಕೆ ಫೋನ್ ಮಾಡಬೇಕು. ಬಾಯಿಗೆ ಏನೂ ಹಾಕಬಾರದು. ಆಚೆಯ ಮಂಡಿ ಮಡಿಸಿ, ಆಚೆಯ ಹೆಗಲು ಹಿಡಿದು ತನ್ನ ಕಡೆ ಹೊರಳಿಸಿಕೊಳ್ಳಬೇಕು. ಬಾಯಿ ನೆಲದ ಕಡೆ ವಾಲಲಿ, ಒಳಗಿದ್ದದ್ದು ಹೊರಗೆ ಬರಲಿ. ಬಿಟ್ಟು ಹೋಗಬಾರದು, ಉಸಿರು ನೋಡುತ್ತಲೇ ಇರಬೇಕು. ಸಣ್ಣಬೀರಪ್ಪ ಒಂದೊಂದನ್ನೂ ಹೇಳಿದ ಹಾಗೆಯೇ ಮಾಡಿದ. ಹುಡುಗ ಅವನ ಕಡೆಗೆ ಹೊರಳಿ ಮಲಗಿದ.

"ಹಿಂಗೇ ಎಷ್ಟೊತ್ತು?"

"ಆಂಬುಲೆನ್ಸ್ ಬರೋ ತನಕ."

"ಸೊರಬದಿಂದ ಬರೋಕೆ ಮುಕ್ಕಾಲು ಗಂಟೆ ಆಗುತ್ತೆ" ಎಂದಿತು ಹಿಂದಿನಿಂದ ಒಂದು ದನಿ.

"ಹಂಗಾರೆ ಕೂರ್ತೀನಿ" ಎಂದ ಸಣ್ಣಬೀರಪ್ಪ.

ಸಾಕು ಏಳಿ ಎಂದು ಹೇಳಲು ಮೇಘನಾಗೆ ಬಾಯಿ ಬರಲಿಲ್ಲ. ರಾಹುಲ್ ಕೂಡ ಏಳಲಿಲ್ಲ. ಅವನ ಬೆನ್ನು ಏರಿ ಇಳಿಯುತ್ತಿತ್ತು. ಮಾಳಮ್ಮ ಬಂದು ಗಂಡನ ಪಕ್ಕ ಕೂತಳು. ಅವನು ಹುಡುಗನ ಬೆನ್ನಿನ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದರು.