ಮಗಳನ್ನು ಕರೆತರುವ ಕಾರಿಗೆ ಎಷ್ಟು ಗಾಳಿ?

ಚೊಚ್ಚಲ ಬಸುರಿ ಮಗಳನ್ನು ಬಾಣಂತನಕ್ಕೆ ತವರಿಗೆ ಕರೆತರುವ ಹಿಂದಿನ ರಾತ್ರಿ ಯಾವ ಅಪ್ಪನಿಗೆ ಕಣ್ತುಂಬ ನಿದ್ದೆ ಬರುತ್ತದೆ ಹೇಳಿ? ದುಂಡಸಿಯ ಚನ್ನವೀರಪ್ಪನಿಗೂ ಬರಲಿಲ್ಲ. ಮಗಳು ಅಂಕಿತಾಳನ್ನು ತಿಳವಳ್ಳಿಗೆ ಕೊಟ್ಟಿದ್ದ. ಸೀಮಂತದ ಕುಬಸ ಕಾರ್ಯ ಚಂದಾಗಿ ಮುಗಿದಿತ್ತು. ಬೀಗರು ಒಳ್ಳೆಯ ದಿನ ನೋಡಿ ಬರಹೇಳಿದ್ದರು. ಮಗಳು ಮಾತ್ರ ಫೋನಿನಲ್ಲಿ ಸಣ್ಣ ದನಿ ಮಾಡಿ ಹೇಳಿದ್ದಳು: “ಅಪ್ಪಾ, ರಸ್ತೆದಾಗ ಭಾಳ ತೆಗ್ಗು ಬಿದ್ದಾವು. ಗಾಡಿ ಕುಲುಕಿದ್ರ ನನಗ ಜೀವಾನ ಹೋದಂಗ ಆಕ್ಕೈತಿ. ಮೆತ್ತಗ ಕರ್ಕೊಂಡು ಹೋಗಪಾ.”

ಆ ಮಾತು ಅಪ್ಪನ ಎದೆಗೆ ನಾಟಿತು. ಬೆಳಗ್ಗೆ ಎದ್ದವನೇ ಬೇವಿನ ಮರದ ಕೆಳಗೆ ನಿಂತಿದ್ದ ಕಾರಿನ ತಾಡಪತ್ರಿ ಸರಿಸಿದ. ಕೈಯಲ್ಲೊಂದು ಕಡ್ಡಿ ಹಿಡಿದು ಟೈರಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಸುಸ್ ಎಂದು ಗಾಳಿ ಹೊರಬಿತ್ತು.

ಹೆಂಡತಿ ಸಿದ್ದವ್ವ ಬುತ್ತಿಯ ಗಂಟು ಹಿಡಿದುಕೊಂಡೇ ಓಡಿ ಬಂದಳು. “ಅಯ್ಯ ನನ ಶಿವನ! ಊರಿಗೆ ಹೊಂಡೂ ಹೊತ್ತಿನ್ಯಾಗ ಗಾಳಿ ಯಾಕ ಬಿಡಾಕತ್ತೀರಿ?”

“ನಿನಗ ತಿಳಿಯಂಗಿಲ್ಲ ಸುಮ್ನಿರು. ಟಾಯರ ಬಿರುಸಿದ್ರ ಗಾಡಿ ಪುಟೀತೈತಿ. ಮೆತ್ತಗಿದ್ರ ಗಾದಿ ಮ್ಯಾಲ ಕುಂತಂಗ ಇರ್ತೈತಿ. ಗದ್ದ್ಯಾಗ ಟ್ರ್ಯಾಕ್ಟರ ಇಳಸೂಮುಂದ ನಾ ಗಾಳಿ ಬಿಡಂಗಿಲ್ಲೇನ?”

ನೋಡಿದಿರಾ? ಅರ್ಧ ಆಯುಷ್ಯ ಟ್ರ್ಯಾಕ್ಟರ್ ಹೊಡೆದ ಮನುಷ್ಯ. ಹೋದ ವರ್ಷ ಈ ಹಳೆಯ ಕಾರು ಕೊಂಡಾಗ, ಟ್ರ್ಯಾಕ್ಟರಿನ ಬುದ್ಧಿಯನ್ನೆಲ್ಲ ಅದಕ್ಕೇ ವರ್ಗಾಯಿಸಿಬಿಟ್ಟಿದ್ದ. ಕಾರಾದರೋ ಮದುವೆ ಮುಂಜಿವೆಗಷ್ಟೇ ಹೊರಬೀಳುವ ಗಾಡಿ. ಅದರ ಗಾಳಿಯನ್ನು ಯಾರೂ ನೋಡಿರಲಿಲ್ಲ. ಮೊದಲೇ ತಾನಾಗಿ ಇಳಿದಿದ್ದ ಗಾಳಿಯನ್ನು ಇವನು ಇನ್ನಷ್ಟು ಇಳಿಸಿದ.

ಅಷ್ಟರಲ್ಲಿ ಪಕ್ಕದ ಮನೆಯ ಬಂದೇಸಾಬ ಬಂದ. ಬಸ್ಸು ಓಡಿಸಿ ನಿವೃತ್ತನಾದವನು, ಚನ್ನವೀರಪ್ಪನ ಬಾಲ್ಯದ ಗೆಳೆಯ. ಅಂಕಿತಾ ಬಂದೇಸಾಬನ ಮನೆಯ ಅಂಗಳದಲ್ಲೇ ಆಡಿ ಬೆಳೆದವಳು. ಅದಕ್ಕೇ ಅವನ ಹೆಂಡತಿ ಮರಿಯಮಬಿ ಹುಣಸೆ ತೊಕ್ಕಿನ ಡಬ್ಬಿ ಕೊಟ್ಟು, “ನೀವೂ ಹೋಗಿ ಹುಡುಗೀನ ಜ್ವಾಕಿಯಿಂದ ಕರ್ಕೊಂಡು ಬರ್ರಿ” ಎಂದು ಗಂಡನನ್ನು ಕಳಿಸಿದ್ದಳು.

ಬಂದೇಸಾಬ ಟೈರು ನೋಡಿದ್ದೇ ತಡ, “ಏ ಚನ್ನವೀರಪ್ಪ, ಇದೇನೋ ಮಾರಾಯಾ! ಟಾಯರ ನೆಲಕ್ಕ ಚಪ್ಪಟ್ಯಾಗಿ ಕುಂತೈತಲ್ಲೋ!” ಎಂದ.

“ಮಗಳ ಸಲುವಾಗಿ ನಾನ ಬಿಟ್ಟೇನಿ.”

“ಗದ್ದ್ಯಾಗ ಟ್ರ್ಯಾಕ್ಟರ ಆಮಿ ನಡದಂಗ ನಡೀತೈತಿ, ಅಲ್ಲಿ ನಡೀತೈತಿ. ಕಾರು ಡಾಂಬರ ಮ್ಯಾಲ ಓಡ್ತೈತಿ. ಗಾಳಿ ಕಮ್ಮಿ ಇದ್ರ ಟಾಯರಿನ ಮಗ್ಗಲ ಮಡಚಿ ಮಡಚಿ ಕಾಯ್ತೈತಿ. ಕಾದ್ರ ಒಡೀತೈತಿ. ಸ್ಟೇರಿಂಗ ಮಾತ ಕೇಳಂಗಿಲ್ಲ, ಬ್ರೇಕ ಹಿಡದ್ರ ಗಾಡಿ ಎಳೀತೈತಿ.”

“ನೀ ಬಸ್ಸು ಹೊಡದಾವ. ಬಸ್ಸಿನ ಮಾತು ಬ್ಯಾರೆ.”

ಚನ್ನವೀರಪ್ಪನ ಹಟ ಗೊತ್ತಿಲ್ಲದವರು ದುಂಡಸಿಯಲ್ಲಿ ಯಾರಿದ್ದಾರೆ! ಬಂದೇಸಾಬ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಬಂದೇಸಾಬ, “ಹಂಗಾರ ಸಾವಕಾಶ ಹೊಡಿ” ಎನ್ನುತ್ತ ಮುಂದಿನ ಸೀಟಿನಲ್ಲಿ ಕುಳಿತ. ಸಿದ್ದವ್ವ ಹಿಂದೆ ಕುಳಿತಳು.

ಹಾನಗಲ್ಲಿನವರೆಗೆ ಏನೂ ಆಗಲಿಲ್ಲ. “ನೋಡ್ದೀ? ಹೆಂಗ ತೇಲಿಕೋಂತ ಹೊಂಟೈತಿ!” ಎಂದು ಚನ್ನವೀರಪ್ಪ ಮೀಸೆಯಲ್ಲೇ ನಕ್ಕ.

ತಿಳವಳ್ಳಿ ಇನ್ನೇನು ಬಂತು ಅನ್ನುವಾಗ ಒಂದು ತಿರುವು. ತಿರುವಿನಾಚೆ ರಸ್ತೆ ತುಂಬ ಕುರಿಗಳು. ಚನ್ನವೀರಪ್ಪ ಗಾಬರಿಯಾಗಿ ಬ್ರೇಕು ತುಳಿದ. ಕಾರು ನೆಟ್ಟಗೆ ನಿಲ್ಲಲಿಲ್ಲ. ಹಿಂಭಾಗ ಒಂದು ಕಡೆಗೆ ಜಾರಿತು. ಸ್ಟೇರಿಂಗ್ ಎಷ್ಟು ತಿರುವಿದರೂ ಕಾರು ತನ್ನ ಪಾಡಿಗೆ ತಾನು ರಸ್ತೆ ಬಿಟ್ಟು ಇಳಿದು, ಗೋವಿನಜೋಳದ ಹೊಲದ ಬದುವಿಗೆ ಮುಖ ಹಚ್ಚಿ ನಿಂತಿತು. ದೇವರು ದೊಡ್ಡವನು, ಕುರಿಗಳಿಗೂ ಏನೂ ಆಗಲಿಲ್ಲ, ಇವರಿಗೂ ಏನೂ ಆಗಲಿಲ್ಲ. ಆದರೆ ಸಿದ್ದವ್ವನ ಹೊಟ್ಟೆ ಮುಂದಿನ ಸೀಟಿಗೆ ಬಡಿದಿತ್ತು.

ಆಮೇಲೆ ಸಿದ್ದವ್ವ ತನ್ನ ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟು ಗಂಡನನ್ನು ನೋಡಿದಳು.

“ಬರೂಮುಂದ ನಮ್ಮ ಹುಡುಗಿ ಇಲ್ಲೇ ಕುಂತಿರ್ತಾಳ್ರಿ.”

ಅಷ್ಟೇ ಅಂದಳು. ಚನ್ನವೀರಪ್ಪ ಬಾಗಿಲು ತೆರೆದು ಕೆಳಗಿಳಿದ. ಬಂದೇಸಾಬ ಬಯ್ಯಲಿಲ್ಲ. ಗೆಳೆಯನ ಕೈ ಹಿಡಿದು ಟೈರಿನ ಮಗ್ಗುಲಿಗೆ ಹಚ್ಚಿದ. ಚುರ್ ಎಂದು ಸುಡುತ್ತಿತ್ತು. ಚನ್ನವೀರಪ್ಪ ಕೈ ಹಿಂದೆಳೆದುಕೊಂಡ.

“ಸುಡಾಕತ್ತೈತಲ್ಲೋ…” ಅವನ ದನಿಯೇ ಬದಲಾಗಿತ್ತು. “ಕೈಯಾರೆ ನನ್ನ ಮಗಳಿಗೆ ಏನ ಮಾಡಾಕ ಹೊಂಟಿದ್ನೋ ಬಂದೇಸಾಬ.”

“ನೀ ಪ್ರೀತಿಲೇ ಮಾಡೀದಿ. ನನಗ ಗೊತ್ತಿಲ್ಲೇನ? ನಡಿ, ಸರಿ ಮಾಡ್ಸೂಣು.”

ಟೈರುಗಳು ಆರುವವರೆಗೆ ಅಲ್ಲೇ ನಿಂತು, ಆಮೇಲೆ ನಡೆದಷ್ಟೇ ಮೆಲ್ಲಗೆ ಕಾರು ಓಡಿಸಿಕೊಂಡು, ಊರ ಬಾಯಲ್ಲಿದ್ದ ಇಮ್ರಾನನ ಪಂಚರ್ ಅಂಗಡಿ ಮುಟ್ಟಿದರು. ಇಮ್ರಾನ ಮೊದಲು ಎಲ್ಲ ಟೈರುಗಳ ಮೇಲೂ ಕೈಯಾಡಿಸಿ, ಎಲ್ಲೂ ಉಬ್ಬಿಲ್ಲ, ಸೀಳಿಲ್ಲ ಎಂದು ನೋಡಿದ. ಆಮೇಲೆ ಗಾಳಿಯ ಪೈಪು ಹಿಡಿದು, “ಎಷ್ಟು ಹಾಕ್ಲಿರಿ ಕಾಕಾ?” ಎಂದ.

ಹೆದರಿದ ಚನ್ನವೀರಪ್ಪ ಈಗ ಇನ್ನೊಂದು ತುದಿಗೆ ಹೋಗಿ ನಿಂತ. “ಗಚ್ಚಾಗಿ ತುಂಬಪಾ! ಟಾಯರ ಮ್ಯಾಲ ಐವತ್ತೊಂದು ಅಂತ ಬರ್ದೈತಿ ನೋಡು. ಅಷ್ಟೂ ಹಾಕು!”

“ತಡೀಯೋ ತಡಿ!” ಬಂದೇಸಾಬ ನಕ್ಕುಬಿಟ್ಟ. “ಅದು ಟಾಯರ ತಡಕೊಳ್ಳೂ ಕಡೀ ಮಿತಿ. ನಿನ್ನ ಗಾಡಿಗೆ ಬೇಕಾದ ಗಾಳಿ ಅಲ್ಲ. ಅಷ್ಟು ತುಂಬಿದ್ರ ಟಾಯರ ಕಲ್ಲಾಗಿ ಗಾಡಿ ಪುಟೀತೈತಿ, ರಸ್ತೆ ಮ್ಯಾಲ ಹಿಡತಾನೂ ಸಿಗಂಗಿಲ್ಲ. ಬಾ ಇಲ್ಲೆ.”

ಡ್ರೈವರ್ ಬಾಗಿಲನ್ನು ಪೂರ್ತಿ ತೆರೆದು, ಬಾಗಿಲ ಸಂದಿಯ ಕಂಬದ ಮೇಲಿನ ಧೂಳು ಒರೆಸಿದ. ಅಲ್ಲೊಂದು ಸಣ್ಣ ಚೀಟಿ ಅಂಟಿತ್ತು. ಕೊಂಡಾಗಿನಿಂದ ಅದೇ ಬಾಗಿಲು ತೆರೆದು ಮುಚ್ಚಿದವನು ಚನ್ನವೀರಪ್ಪ, ಒಂದು ದಿನವೂ ಅದನ್ನು ಕಂಡಿರಲಿಲ್ಲ!

“ಗಾಡಿ ಮಾಡಿದವ್ರೇ ಬರದಾರ ನೋಡು. ಒಬ್ರಿಬ್ರು ಕುಂತಾಗ ಇಷ್ಟು, ಗಾಡಿ ತುಂಬ ಮಂದಿ, ಸಾಮಾನ ಇದ್ದಾಗ ಇಷ್ಟು. ಮುಂದಿನ ಗಾಲಿಗೆ ಬ್ಯಾರೆ, ಹಿಂದಿನ ಗಾಲಿಗೆ ಬ್ಯಾರೆ. ಕೆಲವು ಗಾಡ್ಯಾಗ ಎಣ್ಣಿ ಟಾಕಿ ಮುಚ್ಚಳದ ಒಳಗ ಇರ್ತೈತಿ. ಗಾಡಿ ಜೋಡಿ ಕೊಟ್ಟ ಪುಸ್ತಕದಾಗೂ ಇರ್ತೈತಿ. ನನ್ನ ಬಸ್ಸಿನ ಲೆಕ್ಕ ನಿನ್ನ ಕಾರಿಗೆ ನಡ್ಯಂಗಿಲ್ಲ, ನಿನ್ನ ಕಾರಿನ ಲೆಕ್ಕ ಮಂದಿ ಕಾರಿಗೆ ನಡ್ಯಂಗಿಲ್ಲ.”

ಬರುವಾಗ ನಾಲ್ಕು ಜನ, ಮೇಲೆ ಬಸುರಿಯ ಸಾಮಾನು. ಇಮ್ರಾನ ತುಂಬಿದ ಗಾಡಿಯ ಲೆಕ್ಕಕ್ಕೇ ಗಾಳಿ ಹಾಕಿದ. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಒತ್ತಿ ನೋಡಿದರೆ ಅದರಲ್ಲೂ ಗಾಳಿಯಿಲ್ಲ. ಅದಕ್ಕೂ ಹಾಕಿದ.

“ಇನ್ನೂ ಟಾಯರ ಬೆಚ್ಚಗ ಅದಾವ್ರಿ ಕಾಕಾ, ಮೀಟರ ಒಂದೀಟು ಹೆಚ್ಚಿಗಿ ತೋರಿಸ್ತೈತಿ” ಎಂದ ಇಮ್ರಾನ. “ಗಾಡಿ ಇಲ್ಲೇ ನೆರಳಾಗ ಬಿಡ್ರಿ. ಉಂಡು ಬರ್ರಿ, ತಣ್ಣಗಾದ ಮ್ಯಾಲ ಮತ್ತ ನೋಡಿ ಸರಿ ಮಾಡ್ತೇನಿ.”

ಬೀಗರ ಮನೆಯಲ್ಲಿ ಹೋಳಿಗೆ ಊಟ. ಮಗಳು ತುಂಬಿದ ಹೊಟ್ಟೆ ಹೊತ್ತು ನಗುತ್ತ ಬಂದು ಪಕ್ಕದಲ್ಲಿ ಕುಳಿತಾಗ ಚನ್ನವೀರಪ್ಪನ ಕಣ್ಣು ತುಂಬಿಬಂತು. ಮುಚ್ಚಿಡುವುದು ಅವನಿಂದಾಗಲಿಲ್ಲ. ಬೆಳಗ್ಗೆಯಿಂದ ಆದದ್ದನ್ನೆಲ್ಲ ಹೇಳಿಬಿಟ್ಟ.

ಅಂಕಿತಾ ಮೊದಲು ನಕ್ಕಳು. ಆಮೇಲೆ ಅಪ್ಪನ ಸುಟ್ಟ ಬೆರಳನ್ನು ಹಿಡಿದುಕೊಂಡಳು.

“ಅಪ್ಪಾ, ಕುಲುಕಿದ್ರ ಕುಲುಕಲಿ. ನಾವೆಲ್ಲಾರೂ ಮನಿ ಮುಟ್ಟಿದ್ರ ಸಾಕು.”

“ಮುಟ್ಟಸ್ತೇನಿ ನನ್ನವ್ವಾ. ತೆಗ್ಗು ಬಂದಲ್ಲಿ ನಿಂತು ನಿಂತು ಇಳಸ್ತೇನಿ. ಮೆತ್ತಗ ಹೋಗೂದಂದ್ರ ಸಾವಕಾಶ ಹೋಗೂದು, ಗಾಳಿ ಬಿಡೂದಲ್ಲ. ಇವತ್ತ ತಿಳೀತು.”

ತಣ್ಣಗಾದ ಟೈರುಗಳಿಗೆ ಇಮ್ರಾನ ಮತ್ತೆ ಮೀಟರ್ ಹಚ್ಚಿ, ಕಡಿಮೆ ಬಿದ್ದ ಒಂದಿಷ್ಟು ಗಾಳಿ ತುಂಬಿದ. ಸಂಜೆ ಹೊತ್ತು ಮುಳುಗುವ ಮೊದಲೇ ಕಾರು ದುಂಡಸಿಯ ಮನೆ ಮುಂದೆ ನಿಂತಿತು. ಮರಿಯಮಬಿ ಓಡಿ ಬಂದು ಹುಡುಗಿಯ ಕೈ ಹಿಡಿದು ಇಳಿಸಿಕೊಂಡಳು. ಸಿದ್ದವ್ವ ದೃಷ್ಟಿಗೆ ರೊಟ್ಟಿ ನಿವಾಳಿಸಿ ಎಸೆದು ಮಗಳನ್ನು ಒಳಗೆ ಕರೆದುಕೊಂಡಳು.

ಈಗ ಆ ಮನೆಯಲ್ಲಿ ತೊಟ್ಟಿಲು ತೂಗುತ್ತಿದೆ. ಚನ್ನವೀರಪ್ಪ ಸ್ವಂತದ್ದೊಂದು ಮೀಟರ್ ತಂದಿಟ್ಟುಕೊಂಡಿದ್ದಾನೆ. ಹದಿನೈದು ದಿನಕ್ಕೊಮ್ಮೆ, ಮತ್ತೆ ದೂರದ ಊರಿಗೆ ಹೊರಡುವ ದಿನ ತಪ್ಪದೆ, ಬೆಳಗಿನ ತಂಪಿನಲ್ಲಿ ಗಾಡಿ ಚಾಲು ಮಾಡುವ ಮೊದಲು ಗಾಳಿ ನೋಡುತ್ತಾನೆ. ಓಣಿಯವರು ಕಾರು ತೆಗೆದರೂ ಬಿಡುವುದಿಲ್ಲ, “ಚೀಟಿ ನೋಡೀರೇನ್ರಿ?” ಎಂದು ಅಡ್ಡ ನಿಲ್ಲುತ್ತಾನೆ. ಕಾಟ ಕೊಡುತ್ತಾನೆ ಎಂದು ಕೆಲವರು ಬೈದುಕೊಳ್ಳುತ್ತಾರೆ. ಬೈಯಲಿ ಬಿಡಿ.

ಅಣ್ಣಂದಿರಾ, ಅಕ್ಕಂದಿರಾ, ಟೈರಿನ ಗಾಳಿ ಯಾರೂ ಬಿಡದಿದ್ದರೂ ದಿನದಿನಕ್ಕೆ ತಾನಾಗಿ ಇಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಲಿನಿಂದ ಒದ್ದು ನೋಡಿದರೆ ಗೊತ್ತಾಗುವುದಿಲ್ಲ, ಮೀಟರ್ ಹಚ್ಚಲೇಬೇಕು. ನಾಳೆ ಬೆಳಗ್ಗೆ ನಿಮ್ಮ ಗಾಡಿಯ ಬಾಗಿಲು ತೆರೆದು ಆ ಚೀಟಿಯನ್ನೊಮ್ಮೆ ಓದಿ. ಅಷ್ಟೇ ಗಾಳಿ ಹಾಕಿಸಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಸ್ಟೆಪ್ನಿಯನ್ನು ಮರೆಯಬೇಡಿ. ನಿಮ್ಮ ಹಿಂದಿನ ಸೀಟಿನಲ್ಲಿ ಕೂತವರು ರಸ್ತೆಯನ್ನು ನಂಬಿ ಕೂತಿಲ್ಲ, ನಿಮ್ಮನ್ನು ನಂಬಿ ಕೂತಿದ್ದಾರೆ.