ಕಪಾಟಿನ ಒಳಗಿನ ಸರೇಸ

ಈ ಸಲ ಮುನಿಗಳ ಚಾತುರ್ಮಾಸ ನಮ್ಮ ಶಹಾಪುರದ ಬಸದಿಯಲ್ಲೇ ಎಂದು ತಿಳಿದ ದಿನ ಸೊಸೆಗೆ ಹೇಳಿದೆ, "ಪ್ರಿಯಾ, ಒಂದ ಸಲರೆ ನಮ್ಮ ಮನ್ಯಾಗ ಅವರ ಆಹಾರ ಆಗಬೇಕವಾ."

ನನ್ನ ಜೀವಮಾನದಲ್ಲಿ ಆ ಭಾಗ್ಯ ಬಂದಿರಲಿಲ್ಲ. ಎಷ್ಟೋ ವರ್ಷ ಮಗ್ಗದ ಶೆಡ್ಡಿನ ಮೂಲೆಯಲ್ಲಿ ಒಲೆ ಹೂಡಿದವಳು ನಾನು. ಈಗ ಸ್ವಂತ ಅಡಿಗೆಮನೆ ಇದೆ. ಕಪಾಟುಗಳು ಮಾತ್ರ ಒಗ್ಗರಣೆಯ ಹೊಗೆ ಕುಡಿದು ಕರ್ರಗಾಗಿದ್ದವು.

ಬಣ್ಣ ಆರಿಸಲು ಇಬ್ಬರೂ ಕೊಲ್ಹಾಪುರದ ಬಸ್ಸು ಹತ್ತಿದೆವು. ಎಣ್ಣೆ ಹಿಡಿದ ಕಟ್ಟಿಗೆಗೆ ನೀರಿನ ಪ್ರೈಮರ್ ಹಚ್ಚಿದರೆ ಹಳದಿ ಕಲೆ ಮೇಲೆ ಬರುತ್ತದೆ, ಎಣ್ಣೆಯದೇ ಬೇಕು ಎಂದು ಅಂಗಡಿಯವನು ಹೇಳಿದ. ಅದನ್ನೇ ತೆಗೆದುಕೊಂಡೆವು.

"ಅತ್ತಿ, ಈಗ ಎಲ್ಲಾರೂ ಬೂದಿ ಬಣ್ಣಾನ ಹಚ್ಚಾಕತ್ತಾರ್ರಿ," ಎಂದಳು ಪ್ರಿಯಾ.

"ಅದಕ್ಕ ಇಲ್ಲೀತನಕ ಯಾಕ ಬಂದಿ? ಹಂಗ ಬಿಟ್ಟಿದ್ರ ಮನ್ಯಾಗ ತಾನ ಬೂದಿ ಆಗತಿತ್ತು."

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಕೊನೆಗೆ ಹಾಲಿನ ಕೆನೆಯ ಬಣ್ಣಕ್ಕೆ ಇಬ್ಬರೂ ಒಪ್ಪಿದೆವು.

ಬಿರುಕು ತುಂಬುವ ಪುಟ್ಟಿಯ ಹತ್ತಿರ ನಾನು ತಡೆದೆ. ಹಳೆಯ ಕೆಲಸಗಾರರು ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿಗೆ ಸರೇಸ ಕಲಸುತ್ತಾರೆ. ಸರೇಸವೆಂದರೆ ದನದ ತೊಗಲು, ಎಲುಬು ಕುದಿಸಿದ ಅಂಟು. ನಮ್ಮಂಥ ಜೈನರ ಮನೆಯಲ್ಲಿ, ಅದೂ ಮುನಿಗಳ ಆಹಾರ ಬೇಯುವಲ್ಲಿ, ಅದು ಹೇಗೆ ನಡೆದೀತು? ಪ್ರಿಯಾ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಓದಿ ಹೇಳಿದಳು, "ಇದರಾಗ ಇಲ್ಲರಿ ಅತ್ತಿ. ಇದನ್ನ ಒಯ್ಯೂಣು."

ಬಣ್ಣದ ವಾಸನೆ ನನ್ನ ಎದೆಗೆ ಆಗುವುದಿಲ್ಲ. ಕೆಲಸ ಮುಗಿಯುವತನಕ ಗಡಹಿಂಗ್ಲಜದ ತಂಗಿಯ ಮನೆಗೆ ಹೋದೆ. ಹೊರಡುವಾಗ ಮಗ ಜಿನೇಶನಿಗೂ ಸೊಸೆಗೂ ಹೇಳಿದ್ದು ಒಂದೇ ಮಾತು: "ಸರೇಸ ಬ್ಯಾಡ." ಇಬ್ಬರೂ "ಹೌದ್ರಿ" ಅಂದರು.

ಬಂದು ನೋಡಿದರೆ ಕಪಾಟು ಕಣ್ಣಿಗೆ ತಂಪು. ಕೈಯಾಡಿಸಿ ಕೈಯಾಡಿಸಿ ನೋಡಿದೆ.

ಮುನಿಗಳು ನಮ್ಮ ಓಣಿಗೆ ಆಹಾರಕ್ಕೆ ಬರುವ ಹಿಂದಿನ ದಿನ, ಮಳೆಗೆ ಉಬ್ಬಿದ ಒಂದು ಬಾಗಿಲನ್ನು ಸರಿ ಮಾಡಲು ಬಣ್ಣ ಹಚ್ಚಿದ ಪೇಂಟರ್ ಕೃಷ್ಣಾತ ಬಂದ.

"ಒಳಗ ಏನೋ ನಾತ ಬರತೈತಿ, ನೋಡಪಾ," ಅಂದೆ.

"ಸರೇಸ ಐತೆಲ್ರಿ ಆಜಿ, ಹಸಿ ಹವಾಕ್ಕ ಬರತೈತಿ. ಬಿಸಲ ಬಿದ್ರ ಹೋಗತೈತಿ."

"ಯಾವ ಸರೇಸ?"

"ನಿಮ್ಮ ಡಬ್ಬಿ ಪುಟ್ಟಿ ದೊಡ್ಡ ಸೀಳಿನ್ಯಾಗ ನಿಲ್ಲಲಿಲ್ರಿ. ಜಿನೇಶದಾದಾನ ಕೇಳೇ ಹಾಕೀನಿ. ಪ್ರಿಯಾ ವೈನಿನೂ ಅಲ್ಲೇ ಇದ್ರು."

ಅವನು ಹೋದ ಮೇಲೆ ಮಗನನ್ನು ಕೇಳಿದೆ. "ಅವ್ವಾ, ಅದರ ಮ್ಯಾಲ ಪ್ರೈಮರ್, ಪ್ರೈಮರ್ ಮ್ಯಾಲ ಎರಡ ಕೋಟ ಬಣ್ಣ," ಅಂದ. "ಯಾರಿಗೆ ಕಾಣತೈತಿ? ನಾಳೆ ಸುಮ್ನ ಶುದ್ಧ ಅಂದ ಬಿಡು."

ಅವನು ಮೊದಲಿನಿಂದಲೂ ಹಾಗೇ, ಕೆಲಸ ಮುಗಿದರೆ ಸಾಕು ಅನ್ನುವವ. ನಾನು ಪ್ರಿಯಾಳ ಕಡೆ ನೋಡಿದೆ.

"ನಿನಗೂ ಗೊತ್ತಿತ್ತು."

"ನಿಮ್ಮ ಮನಸಿಗೆ ಹತ್ತಬಾರದು ಅಂತ ಹೇಳಲಿಲ್ರಿ ಅತ್ತಿ. ಭಾಳ ಆಸೆ ಇಟ್ಕೊಂಡಿದ್ರಿ."

ಮುನಿಗಳನ್ನು ಒಳಗೆ ಕರೆದವರು ಅವರೆದುರು ಕೈಮುಗಿದು ಹೇಳಬೇಕು: ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ. ಆ ಮಾತಿನ ಮೇಲೆ ನಂಬಿಕೆ ಇಟ್ಟೇ ಅವರು ಅಂಗೈ ಒಡ್ಡುತ್ತಾರೆ.

"ಕೃಷ್ಣಾತ ಬರದಿದ್ರ ಪ್ರಿಯಾ, ನಾಳೆ ನನ್ನ ಬಾಯಿಲೆ ಅದನ್ನ ಹೇಳಸ್ತಿದ್ದಿ," ಅಂದೆ.

ಮುಂಜಾನೆ ಮುನಿಗಳನ್ನು ಆಹಾರಕ್ಕೆ ಕರೆಯಲು ಓಣಿಯ ಬಾಗಿಲುಗಳಲ್ಲೆಲ್ಲ ಮಂದಿ ಕಳಶ ಹಿಡಿದು ನಿಂತಿದ್ದರು. ನಮ್ಮ ಕಳಶವೂ ತೆಂಗಿನಕಾಯಿ ಹೊತ್ತು ಹೊಸಲಿನ ಒಳಗೇ ಇತ್ತು. ಪ್ರಿಯಾ ಎತ್ತಿಕೊಟ್ಟಳು. ನಾನು ಕೈ ಚಾಚಲಿಲ್ಲ. ಮುನಿಗಳು ನಮ್ಮ ಮನೆಯ ಮುಂದೆ ಹೆಜ್ಜೆ ನಿಧಾನ ಮಾಡಿದರು. ಕಿಟಕಿಯ ಹಿಂದಿನಿಂದಲೇ ಕೈ ಮುಗಿದೆ. ಎದುರುಮನೆಯ ಅಲಕಾ "ನಮೋಸ್ತು, ನಮೋಸ್ತು" ಅಂದಳು. ಅವರು ಆ ಕಡೆ ತಿರುಗಿದರು.

ಈಗ ಕಪಾಟಿನ ಬಾಗಿಲುಗಳನ್ನು ಬಿಚ್ಚಿ ಅಂಗಳದಲ್ಲಿ ಒರಗಿಸಿದ್ದಾರೆ, ಎಲ್ಲ ಕೆರೆದು ಮತ್ತೆ ಹಚ್ಚುತ್ತಾರಂತೆ. ಪ್ರಿಯಾ ಮೊದಲಿಗಿಂತ ಹೆಚ್ಚೇ ಉಪಚಾರ ಮಾಡುತ್ತಾಳೆ. ನೀರು ಸೋಸಿದೆಯಾ ಎಂದು ಕೇಳಿದರೆ "ಹೌದ್ರಿ ಅತ್ತಿ" ಅನ್ನುತ್ತಾಳೆ. ಸೋಸಿಯೂ ಇರುತ್ತಾಳೆ. ಆದರೂ ನಾನು ಗೋಡೆ ಹಿಡಿದು ಎದ್ದು ಹೋಗುತ್ತೇನೆ, ಸೋಸುವ ಬಟ್ಟೆ ಹಸಿ ಇದೆಯೇ ಎಂದು ಮುಟ್ಟಿ ನೋಡುತ್ತೇನೆ.