ಕೊನೆಯ ಅಧ್ಯಾಯ ಅಂಗಡಿಯಲ್ಲಿ ಸಿಗುತ್ತದೆ

ನನ್ನ ಪುಸ್ತಕವನ್ನು ನಾನೇ ಅಚ್ಚು ಹಾಕಿಸಲು ಹೊರಟಾಗ, ಪುಸ್ತಕ ಮಾರುವ ವಿದ್ಯೆ ಕಲಿಸುವ ಶಿಬಿರವೊಂದಕ್ಕೆ ಹೋಗಿದ್ದೆ. ಕಲಿಸಿದವನಿಗೆ ನನ್ನ ಮಗನಷ್ಟು ವಯಸ್ಸು. ಬಿಡುಗಡೆಗೆ ಮೊದಲೇ ನೆಂಟರಿಷ್ಟರಿಂದ ಹೊಗಳಿಕೆ ಬರೆಸಿ ಫೋನಿನಲ್ಲಿ ಹರಿಬಿಡಬೇಕಂತೆ. ಓದದೆ ಹೇಗೆ ಬರೆಯುತ್ತಾರಪ್ಪ ಎಂದು ಕೇಳಿದರೆ, ಓದೋದೆಲ್ಲ ಆಮೇಲಿನ ಮಾತು ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಬೆನ್ನಿಗೇ ಅಪ್ಪ ನೆನಪಾದ.

ಅಪ್ಪನದು ಕನ್ನಡಕದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಗಾಜು ಉಜ್ಜುವ ಕೆಲಸದ ಎಡೆಯಲ್ಲೇ ವರ್ಷಗಟ್ಟಲೆ ಕೂತು ಒಂದು ಪತ್ತೇದಾರಿ ಕಾದಂಬರಿ ಬರೆದ. ಪ್ರಕಾಶಕರು ಯಾರೂ ಮೂಸಿ ನೋಡಲಿಲ್ಲ. ಕೊನೆಗೆ ತಾನೇ ಅಚ್ಚು ಹಾಕಿಸಿದ.

ಮುದ್ರಣಾಲಯದ ಯಜಮಾನರನ್ನು ನಾವು ಅಚ್ಚುಮಾವ ಎನ್ನುತ್ತಿದ್ದೆವು. ಪುಸ್ತಕ ಖರ್ಚಾಗುವ ಉಪಾಯ ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಕೊಲೆಗಾರ ಯಾರೆಂದು ತಿಳಿಯುವ ಕೊನೆಯ ಅಧ್ಯಾಯವನ್ನು ಪುಸ್ತಕಕ್ಕೆ ಸೇರಿಸಬೇಡ, ಬೇರೆಯಾಗಿ ಹೊಲಿಸಿ ಅಂಗಡಿಯಲ್ಲಿಡು, ಕುತೂಹಲ ತಡೆಯಲಾರದೆ ಜನ ಓಡಿ ಬರುತ್ತಾರೆ, ಬಂದವರು ಒಂದು ಕನ್ನಡಕವನ್ನೂ ಮಾಡಿಸಿಕೊಂಡು ಹೋಗುತ್ತಾರೆ ಎಂದು ಅಪ್ಪನ ತಲೆಗೆ ತುಂಬಿದರು. ಅಪ್ಪ ಕುಣಿದಾಡಿದ. 'ಕೊನೆಯ ಅಧ್ಯಾಯ ಕನ್ನಡಕದ ಅಂಗಡಿಯಲ್ಲಿ ಉಚಿತವಾಗಿ ಸಿಗುತ್ತದೆ' ಎಂದು ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚಾಯಿತು.

ಹೊಸ ಕನ್ನಡಕ ಹಾಕಿಸಿಕೊಂಡವರಿಗೆಲ್ಲ ಅಪ್ಪ ಕಾದಂಬರಿಯ ಮೊದಲ ಪುಟವನ್ನೇ ಓದಿಸಿ ಪರೀಕ್ಷೆ ಮಾಡುತ್ತಿದ್ದ. ಊರಿನ ಅರ್ಧ ಜನಕ್ಕೆ ಆ ಪುಟ ಬಾಯಿಪಾಠವಾಗಿತ್ತು. ಸಂಕೋಚಕ್ಕೋ ಪ್ರೀತಿಗೋ ಪುಸ್ತಕ ಕೊಂಡವರೂ ಇದ್ದರು. ಕೊನೆಯ ಅಧ್ಯಾಯದ ಕಟ್ಟುಗಳು ಮಾತ್ರ ಕಪಾಟಿನಲ್ಲಿ ಮಿಸುಕದೆ ಕೂತಿದ್ದವು. ಬಾಗಿಲು ಕಿರ್ ಎಂದಾಗಲೆಲ್ಲ ಅಪ್ಪನ ಕೈ ಕಪಾಟಿನ ಕಡೆ ಹೋಗುತ್ತಿತ್ತು. ಬಂದವರಿಗೆ ಬೇಕಿದ್ದುದು ಫ್ರೇಮಿನ ಸ್ಕ್ರೂ.

ಹೊಗಳಿಕೆಗೇನೂ ಬರವಿರಲಿಲ್ಲ. ಸೋದರಮಾವ ಬಂದು, ಒಂದೇ ಉಸಿರಿಗೆ ಮುಗಿಸಿದೆ ಭಾವ, ಕೊನೆ ಅಂತೂ ಅದ್ಭುತ ಎಂದ. ಅತ್ತೆಗೆ ಕೊನೆಯಲ್ಲಿ ಕಣ್ಣೀರೇ ಬಂತಂತೆ. ಇಲ್ಲದ ಕೊನೆಗೆ ಕಣ್ಣೀರು! ಕೊಲೆಯ ಕತೆ ಮಕ್ಕಳಿಗಲ್ಲ ಎಂದು ನನಗೆ ಅಪ್ಪ ಪುಸ್ತಕ ಮುಟ್ಟಗೊಟ್ಟಿರಲಿಲ್ಲ; ಆದರೂ ಇಷ್ಟು ಸುಳ್ಳು ನನಗೇ ಗೊತ್ತಾಗುತ್ತಿತ್ತು. ನಗು ಬಂದರೂ ಅಪ್ಪನ ಮುಖ ನೋಡಿ ನುಂಗಿಕೊಂಡೆ. ಅವನು ಹೌದಾ ಎಂದಷ್ಟೇ ಹೇಳಿ, ಆಗಲೇ ಒರೆಸಿಟ್ಟ ಗಾಜನ್ನು ಮತ್ತೆ ಒರೆಸಿದ.

ಒಂದು ದಿನ ಊಟಕ್ಕೆ ಕೂತಾಗ, ನಾಳೆ ರದ್ದಿಯವನಿಗೆ ಬರಹೇಳಿದ್ದೇನೆ ಎಂದ. ಕಟ್ಟುಗಳ ಜೊತೆ, ಅರ್ಧ ಬರೆದಿದ್ದ ಎರಡನೆಯ ಕಾದಂಬರಿಯೂ ಹೋಗಲಿ, ಇನ್ನು ಪೆನ್ನು ಮುಟ್ಟುವುದಿಲ್ಲ ಎಂದ. ಅಮ್ಮ ಬಡಿಸುತ್ತಲೇ ಇದ್ದಳು. ಪುಸ್ತಕದ ಮಾತೆತ್ತಿದರೆ ನನಗೆಲ್ಲಿ ಪುರುಸೊತ್ತು ಎಂದು ತಳ್ಳಿಹಾಕುತ್ತಿದ್ದವಳು ಅವಳು.

ಊಟವಾದ ಮೇಲೆ ನಾನು ಅಂಗಡಿಯಲ್ಲಿ ಧೂಳು ಹೊಡೆಯುತ್ತಿದ್ದೆ, ಅಪ್ಪ ಮೇಜಿನ ಮುಂದೆ ಕೂತಿದ್ದ. ಬೀದಿಯ ಬಾಗಿಲು ತೆರೆಯಿತು. ಅಮ್ಮ! ತಲೆ ಬಾಚಿ, ಮದುವೆಮನೆಗೆಂದು ಎತ್ತಿಟ್ಟಿದ್ದ ಬಟ್ಟೆ ಉಟ್ಟು, ಹಿತ್ತಿಲಿನಿಂದ ಹೊರಟು ಬೀದಿ ಬಳಸಿ ಬಂದಿದ್ದಳು. ದಿನವೂ ನಡುಬಾಗಿಲಿನಿಂದ ಓಡಾಡುವವಳು ಈ ಬಾಗಿಲಿನಿಂದ ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ನಿಮ್ಮ ಪುಸ್ತಕ ಓದಿದೀನಿ," ಎಂದಳು, ಗಿರಾಕಿಯ ಹಾಗೆ ನಿಂತು. "ಕೊನೇ ಅಧ್ಯಾಯ ಬೇಕಿತ್ತು."

ಅಪ್ಪ ಎದ್ದು ನಿಂತ. "ಬನ್ನಿ, ಕೂತ್ಕೊಳ್ಳಿ," ಎಂದ. ಕಟ್ಟು ಬಿಚ್ಚಿ ಒಂದು ಪ್ರತಿಯನ್ನು ಎರಡೂ ಕೈಯಿಂದ ಕೊಟ್ಟ. ಅಮ್ಮ ಕಣ್ಣು ಪರೀಕ್ಷೆಯ ಕುರ್ಚಿಯಲ್ಲೇ ಕೂತು ಓದತೊಡಗಿದಳು. ಅಪ್ಪ ಕೆಲಸದ ನೆಪದಲ್ಲಿ ಬಗ್ಗಿದ್ದರೂ ಕಣ್ಣೆಲ್ಲ ಅವಳ ಮೇಲೇ ಇತ್ತು.

ಓದಿ ಮುಗಿಸಿ ತಲೆ ಅಲ್ಲಾಡಿಸಿದಳು. "ಇದು ಸರಿಯಿಲ್ಲ ಕಣ್ರೀ. ಅಡುಗೆಯವನು ಕೊಲೆ ಮಾಡಿರೋಕೆ ಸಾಧ್ಯನೇ ಇಲ್ಲ. ಅಷ್ಟೊತ್ತಿಗೆ ಒಲೆ ಮೇಲೆ ಹಾಲಿಟ್ಟಿದ್ದ ಅಂತ ನೀವೇ ಬರ್ದಿದೀರಿ. ಹಾಲಿಟ್ಟು ಯಾರಾದ್ರೂ ಮಹಡಿ ಹತ್ತಿ ಕೊಲೆ ಮಾಡೋಕೆ ಹೋಗ್ತಾರಾ? ಉಕ್ಕಿ ಹೋಗಲ್ವಾ?"

ಅಪ್ಪ ಪುಸ್ತಕ ತೆಗೆದು ಹಾಲಿನ ಪುಟ ಹುಡುಕಿದ. ಹಾಲು ಅಲ್ಲೇ ಇತ್ತು. ಅವನಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಅಷ್ಟು ಸಂತೋಷವನ್ನು ಅವನ ಮುಖದಲ್ಲಿ ನಾನು ಆಮೇಲೆ ಎಂದೂ ನೋಡಲಿಲ್ಲ.

"ಹಾಗಾದ್ರೆ ಯಾರು ಮಾಡಿರ್ಬೇಕು?" ಎಂದ.

ಅಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಮರುದಿನ ರದ್ದಿಯವನು ಬಂದಾಗಲೂ ಇಬ್ಬರೂ ಅದೇ ಜಗಳದಲ್ಲಿದ್ದರು. ನಾನೇ ಹೋಗಿ, ಕೊಡೋದೇನೂ ಇಲ್ಲ ಎಂದು ಅವನನ್ನು ಕಳಿಸಿದೆ.